ಆನೆ, ಕತ್ತೆ ಮತ್ತು ಒಂದು ಲಗೋರಿ ಕಲ್ಲು

ಅಲ್ ಕುಸೈಸ್, ಶುಕ್ರವಾರ

ನನಗೆ ಮತವಿಲ್ಲದ ದೇಶಕ್ಕೆ ಹೋಗಿ, ಅಲ್ಲಿ ಕೇಳುತ್ತ ಕೂತವರಲ್ಲಿ ಯಾರಿಗೂ ಮತವಿಲ್ಲದ ಇನ್ನೊಂದು ದೇಶದ ಚುನಾವಣೆಯ ಬಗ್ಗೆ ಕನ್ನಡದಲ್ಲಿ ವಾದ ಮಾಡಿ ಬಂದೆ. ಹೀಗೆಂದರೆ ದಾವಣಗೆರೆ ಕೋರ್ಟಿನ ಬಾರ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನಾನೂ ಅವರ ಜೊತೆ ನಕ್ಕು ದುಬೈಯ ಕನ್ನಡ ಸಂಘದ ಆಹ್ವಾನವನ್ನು ಪಕ್ಕಕ್ಕಿಡುತ್ತಿದ್ದೆ, ಅದರ ಕೆಳಗಿನ ಸಹಿ ಸಫ್ವಾನನದ್ದಲ್ಲದಿದ್ದರೆ.

ಸಫ್ವಾನ್ ಉಪ್ಪಿನಂಗಡಿಯ ಬ್ಯಾರಿ ಹುಡುಗ. ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಚರ್ಚಾ ತಂಡ. ನಮ್ಮ ಕಾಲೇಜು ಚರ್ಚಾಸ್ಪರ್ಧೆಗಳ ಪದ್ಧತಿ ಗೊತ್ತಲ್ಲ: ಒಂದು ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ, ಇಬ್ಬರ ಅಂಕವನ್ನೂ ಕೂಡಿಸಿ ಫಲಕ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಿ, ಇಳಿದ ಮೇಲೆ ಒಂದೇ ಫಲಕವನ್ನು ಬಸ್ಸಿನಲ್ಲಿ ಸರದಿಯ ಪ್ರಕಾರ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆವು. ಎದುರಾಳಿಯೇ ಜೊತೆಗಾರ ಎಂಬುದು ಹೊರಗಿನವರಿಗೆ ವಿಚಿತ್ರ. ನಮಗೆ ಅದಕ್ಕಿಂತ ಸಹಜವಾದದ್ದು ಬೇರೆ ಇರಲಿಲ್ಲ.

ನಾವು ಗೆಲ್ಲುತ್ತಿದ್ದುದರ ಹಿಂದೆ ಒಂದು ಗುಟ್ಟಿತ್ತು. ಇಬ್ಬರಲ್ಲಿ ಒಬ್ಬರು ತಮ್ಮ ಭಾಷಣದಲ್ಲಿ ಬೇಕೆಂದೇ ಒಂದು ತಪ್ಪು ಮಾತು ಇಡುವುದು, ಇನ್ನೊಬ್ಬರು ಅದಕ್ಕೆ ಗುರಿಯಿಟ್ಟು ಹೊಡೆಯುವುದು. ಸಫ್ವಾನ್ ಅದನ್ನು ಲಗೋರಿ ಕಲ್ಲು ಎನ್ನುತ್ತಿದ್ದ. ಇಟ್ಟದ್ದು ಯಾವುದು ಎಂದು ಮೊದಲೇ ಹೇಳಿಕೊಳ್ಳುತ್ತಿರಲಿಲ್ಲ. ಕಿವಿಗೆ ಬಿದ್ದ ಕ್ಷಣಕ್ಕೆ ಗುರುತು ಹಿಡಿಯಬೇಕು, ಅದೇ ಅದರ ಸೊಗಸು. ಮೋಸವೇ ಎಂದರೆ, ಇರಬಹುದು. ಯಾವ ತೀರ್ಪುಗಾರರೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ, ಊರಲ್ಲಿ ಚುನಾವಣೆಯ ಕಾಲ. ಅವನಾಗಲೇ ದುಬೈ ಸೇರಿದ್ದ. ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವನು ಏನೋ ಬರೆದ, ನಾನು ಒಪ್ಪಲಿಲ್ಲ, ಅವನು ಉತ್ತರ ಕೊಟ್ಟ, ನಾನು ಒಂದೊಂದೇ ಅಂಶ ಹಿಡಿದು ಕಿತ್ತು ಹಾಕಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೊನೆಗೆ ಒಂದು ಸಾಲು ಸೇರಿಸಿದೆ: ‘ಓಟು ಹಾಕೋಕೆ ಬರದವನಿಗೆ ಊರಿನ ಚುನಾವಣೆ ಟಿವಿಯಲ್ಲಿ ನೋಡೋ ಕ್ರಿಕೆಟ್ ಮ್ಯಾಚು.’ ನಗುವ ಮುಖಗಳು ಸಾಲುಸಾಲಾಗಿ ಬಂದವು. ಅವನು ಗುಂಪು ಬಿಟ್ಟ. ಓಟು ಹಾಕಲೆಂದೇ ಅವನು ಟಿಕೆಟ್ ಮಾಡಿಸಿದ್ದ, ಕೊನೆ ಗಳಿಗೆಯಲ್ಲಿ ರಜೆ ಸಿಗಲಿಲ್ಲ ಎಂಬುದು ನನಗೆ ಆರು ತಿಂಗಳಾದ ಮೇಲೆ ಬೇರೆಯವರ ಬಾಯಿಂದ ತಿಳಿಯಿತು. ಕ್ಷಮೆ ಕೇಳಬೇಕಿತ್ತು. ವಾದ ಸರಿಯಿದ್ದಾಗ ಕ್ಷಮೆ ಯಾಕೆ ಎಂದು ನನ್ನೊಳಗಿನ ವಕೀಲೆ ಅಡ್ಡ ಬಂದಳು.

ಆದ್ದರಿಂದ ನಾನು ಹೊರಟಿದ್ದು ಎತ್ತರದ ಕಟ್ಟಡ ನೋಡಲಿಕ್ಕಲ್ಲ. ಕಳೆದುಕೊಂಡ ಒಬ್ಬ ಸ್ನೇಹಿತ ಮತ್ತೆ ಸಿಗುತ್ತಾನೋ ನೋಡಲಿಕ್ಕೆ. ಅವನೇ ಕರೆದಿದ್ದಾನೆ ಎಂದರೆ ಅರ್ಧ ಕೆಲಸ ಆದಂತೆ ಎಂದು ವಿಮಾನದಲ್ಲಿ ಲೆಕ್ಕ ಹಾಕಿದ್ದೆ.

ನಿಲ್ದಾಣಕ್ಕೆ ಅವನು ಬಂದಿರಲಿಲ್ಲ. ಬಂದವರು ಕನ್ನಡ ಸಂಘದ ಅಧ್ಯಕ್ಷರಾದ ಶೇಖರಣ್ಣ. ಉಡುಪಿ ಕಡೆಯವರು, ಬಿಳಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಕಾರ್ಯದರ್ಶಿ ಸಫ್ವಾನನಿಗೆ ಗೋದಾಮಿನಲ್ಲಿ ತುಂಬ ಕೆಲಸವಂತೆ ಎಂದರು. ಗೋದಾಮು ಶೇಖರಣ್ಣನ ಮನೆಯಿಂದ ಹತ್ತು ನಿಮಿಷದ ದಾರಿ ಎಂಬುದು ಆಮೇಲೆ ತಿಳಿಯಿತು.

ಶೇಖರಣ್ಣನಷ್ಟು ಒಳ್ಳೆಯವರನ್ನು ನಾನು ಕಂಡಿಲ್ಲ. ಅವರೊಡನೆ ಮಾತನಾಡುವಷ್ಟು ಕಷ್ಟದ ಕೆಲಸವನ್ನೂ ಕಂಡಿಲ್ಲ. ದಾರಿಯಲ್ಲಿ, ಮರಳುಗಾಡಲ್ಲಿ ಪೈಪು ಹಾಕಿ ಮರ ಬೆಳೆಸುವುದು ದಂಡ ಎಂದೆ. ಹೌದು ಹೌದು ಎಂದರು. ಪರೀಕ್ಷಿಸೋಣವೆಂದು ಸ್ವಲ್ಪ ಹೊತ್ತು ಬಿಟ್ಟು, ಏನೇ ಆದರೂ ಇಲ್ಲಿ ಮರ ಬೆಳೆಸಿದ್ದೇ ದೊಡ್ಡ ಸಾಧನೆ ಎಂದೆ. ಅದೂ ಹೌದು ಎಂದರು. ನಮ್ಮ ಕಡೆ ಹೀಗೆ ಎರಡೂ ಹೇಳಿದವರನ್ನು ಚಹಾದಂಗಡಿಯ ಬೆಂಚಿನಿಂದ ಎಬ್ಬಿಸಿ ಕಳಿಸುತ್ತಾರೆ.

ಅವರ ಹೆಂಡತಿ ಸುಜಾತಕ್ಕ ಬೇರೆ ಥರ. ಅಲ್ ಕುಸೈಸ್‌ನ ಆ ಎರಡು ಕೋಣೆಯ ಫ್ಲ್ಯಾಟಿನ ಬಾಗಿಲು ತೆಗೆದವರೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟು ಸಣ್ಣ ಹುಡುಗಿಗೆ ಅಷ್ಟು ದೊಡ್ಡ ಬಾಯಿಯಾ” ಎಂದರು. ಯಾರು ಹೇಳಿದರು ಎಂದು ಕೇಳಿದೆ. “ಎಂತಕ್ಕೆ ಹೇಳ್ಬೇಕು, ಸಫ್ವಾನ್ ಬಾಯಿ ಬಿಟ್ರೆ ನಿನ್ನದೇ ಕಥೆ” ಎಂದು ಹೇಳಿ ಒಳಗೆ ಹೋದರು. ಅವನು ಸಂಜೆ ಹೊತ್ತು ಇಲ್ಲಿ ಬಂದು ಊರಿನ ಪತ್ರಿಕೆಗಳನ್ನೆಲ್ಲ ಫೋನಿನಲ್ಲಿ ಓದುತ್ತ ಕೂರುತ್ತಾನಂತೆ, ವಾರದ ಪುರವಣಿಯ ಒಂದಕ್ಷರವನ್ನೂ ಬಿಡುವುದಿಲ್ಲವಂತೆ.

ಅಮೆರಿಕದ ಚುನಾವಣೆಯೇ ಯಾಕೆ ಎಂಬ ನನ್ನ ಪ್ರಶ್ನೆಗೆ ಉತ್ತರವನ್ನೂ ಸುಜಾತಕ್ಕನೇ ಕೊಟ್ಟರು. ಸಂಘದಲ್ಲಿ ಎರಡು ರಾಜಕೀಯ ಆಡುವಂತಿಲ್ಲ: ಊರಿನದ್ದು ಆಡಿದರೆ ಸಂಘ ಒಡೆಯುತ್ತದೆ, ಈ ನೆಲದ್ದು ಆಡುವುದು ಅತಿಥಿಗಳಿಗೆ ತಕ್ಕದ್ದಲ್ಲ. ಆದರೆ ನಾಲಿಗೆಗೆ ತುರಿಕೆ ಇದ್ದೇ ಇದೆ. ಉಳಿದದ್ದು ಅಮೆರಿಕ. ಒಂದು ವರ್ಷ ಬ್ರಿಟನ್ನಿನದ್ದು ಇಟ್ಟರಂತೆ, ಯಾರಿಗೂ ಸಿಟ್ಟೇ ಬರಲಿಲ್ಲವಂತೆ.

ಅವರ ಮಗಳು ಆದ್ಯಾ, ಹನ್ನೆರಡು ವರ್ಷದವಳು, ಹೋಂವರ್ಕಿನಿಂದ ತಲೆಯೆತ್ತಿ, “ಬಟ್ ವೀ ಡೋಂಟ್ ಈವನ್ ಲಿವ್ ದೇರ್” ಎಂದಳು. ಅಮ್ಮ, ನೀನು ಓದು ಎಂದರು. ಇಡೀ ದಿನದಲ್ಲಿ ನಾನು ಕೇಳಿದ ಒಂದೇ ಒಂದು ಆಕ್ಷೇಪಣೆ ಅದು. ಅವಳನ್ನು ಮುದ್ದಿಸಬೇಕೆನಿಸಿತು.

ಊದ್ ಮೇಥಾ, ಶನಿವಾರ

ಸಂಘದ ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಶೇಖರಣ್ಣ ಕುರ್ಚಿ ಜೋಡಿಸಲು ಮೊದಲೇ ಹೋಗಿದ್ದರು. ಮೆಟ್ರೋದಲ್ಲಿ ನಾನೊಬ್ಬಳೇ ಬರುತ್ತೇನೆ ಎಂದು ಜಂಬದಿಂದ ಹೇಳಿದ್ದೆ, ಹಸಿರು ಗೆರೆಯ ದಾರಿ, ಬದಲಾಯಿಸುವ ತಾಪತ್ರಯವೂ ಇಲ್ಲ. ಡಬ್ಬಿ ಖಾಲಿಯಿದೆಯಲ್ಲ ಎಂದು ಹತ್ತಿ ಕೂತೆ. ಅದು ಹೆಚ್ಚಿನ ದರ್ಜೆಯ ಡಬ್ಬಿ ಎಂದು ಸಮವಸ್ತ್ರದವರೊಬ್ಬರು ಬಂದು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಮೊದಲು ಯಾರದೋ ಸಾವಿನ ಸುದ್ದಿ ಹೇಳುತ್ತಿದ್ದಾರೆ ಎಂದುಕೊಂಡೆ. ಮುಂದಿನ ನಿಲ್ದಾಣದಲ್ಲಿ ಇಳಿದು ಹೆಂಗಸರ ಡಬ್ಬಿಗೆ ಓಡಿದೆ.

ಅಲ್ಲಿ ಮೂವತ್ತು ಜನ ಹೆಂಗಸರು, ಹತ್ತು ದೇಶದವರಾದರೂ ಇರಬೇಕು, ಎಲ್ಲರೂ ಫೋನಿನೊಳಗೆ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಹತ್ತಿದರೆ ಎರಡನೇ ನಿಲ್ದಾಣ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತವರ ಜಾತಿ, ಪಕ್ಷ, ಸಕ್ಕರೆ ಕಾಯಿಲೆ ಮೂರೂ ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದವರ ಮೊಣಕೈ ತಾಗಿದರೂ ಸಾರಿ, ತಾಗದಿದ್ದರೂ ಸಾರಿ. ನನ್ನ ಭಾಷಣವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ನಿಂತಿದ್ದೆ. ಎದುರಿನ ಮಗುವೊಂದು ನನ್ನ ತುಟಿಯನ್ನೇ ನೋಡುತ್ತಿತ್ತು. ವಾದ ಮಾಡಲು ಜನವಿಲ್ಲದ ಊರಲ್ಲಿ, ವಾದ ಕಲಿತವಳು ಎಷ್ಟು ಒಂಟಿ ಎಂಬುದು ಆ ಡಬ್ಬಿಯಲ್ಲಿ ಹೊಳೆಯಿತು. ನನಗೆ ಬೇಕಾದದ್ದು ಗೆಳೆತನವೂ ಅಲ್ಲವೇನೋ, ‘ಅಲ್ಲ’ ಎನ್ನುವ ಒಬ್ಬ ಮನುಷ್ಯ.

ಸಭಾಂಗಣದ ಬಾಗಿಲಲ್ಲಿ ಅವನು ನಿಂತಿದ್ದ. ಸ್ವಲ್ಪ ದಪ್ಪಗಾಗಿದ್ದ, ಗಡ್ಡ ಬಿಟ್ಟಿದ್ದ. ಕೈಯಲ್ಲಿ ಸಂಘದ ಬ್ಯಾಡ್ಜುಗಳ ಡಬ್ಬ.

“ಬನ್ನಿ ಮೇಡಂ. ಪ್ರಯಾಣ ಸುಖವಾಗಿತ್ತಾ ನಿಮ್ಮದು?”

ನೀವು. ಮೇಡಂ. ಮೂರು ವರ್ಷ ಅವನು ನನ್ನನ್ನು ಮಾರಾಯ್ತಿ ಎಂದಲ್ಲದೆ ಬೇರೇನೂ ಕರೆದಿರಲಿಲ್ಲ. ವಿನುತಾ ಎಂಬ ನನ್ನ ಹೆಸರು ಅವನಿಗೆ ನೆನಪಿದೆಯೋ ಇಲ್ಲವೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಸುಖವಾಗಿತ್ತು ಸಾರ್ ಎಂದೆ. ಸಾರ್ ಎಂಬುದು ಅವನಿಗೆ ಚುಚ್ಚಲಿ ಎಂದೇ ಅಂದೆ. ಅವನು ತಲೆಯಾಡಿಸಿ ಬ್ಯಾಡ್ಜು ಕೊಟ್ಟ.

ಅಮೆರಿಕದ ಎರಡು ದೊಡ್ಡ ಪಕ್ಷಗಳ ಗುರುತು ಆನೆ ಮತ್ತು ಕತ್ತೆ. ಪಕ್ಷಗಳ ಉದ್ದುದ್ದ ಹೆಸರು ಯಾಕೆಂದು ಸಂಘದವರು ಗುರುತುಗಳನ್ನೇ ಹೆಸರು ಮಾಡಿಕೊಂಡಿದ್ದರು. ತೊಂದರೆ ಬಂದದ್ದು ಅಲ್ಲೇ. ಆನೆಯ ಬ್ಯಾಡ್ಜುಗಳು ಹತ್ತು ನಿಮಿಷದಲ್ಲಿ ಖಾಲಿ. ಕತ್ತೆಯದ್ದನ್ನು ಎದೆಗೆ ಚುಚ್ಚಿಕೊಳ್ಳಲು ಯಾರೂ ತಯಾರಿಲ್ಲ. ಊಟಕ್ಕೆ ಕರೆದು ಬೈದ ಹಾಗಾಯ್ತು ಎಂದರು ಒಬ್ಬರು. ಇನ್ನೊಬ್ಬರು ಗೌರವಕ್ಕಾಗಿ ಗಾರ್ದಭ ಎನ್ನೋಣ ಎಂದು ಸೂಚಿಸಿದರು. ಚೀಟಿ ಎತ್ತಿದಾಗ ಕತ್ತೆ ನನಗೇ ಬಂತು. ಆನೆ ಸಫ್ವಾನನಿಗೆ.

ವಿಷಯ, ಬರುವ ನವೆಂಬರಿನ ಮಧ್ಯಾವಧಿ ಚುನಾವಣೆಯಲ್ಲಿ ಮೇಲುಗೈ ಯಾರದು. ನಾನು ಮೊದಲು. ಅಧ್ಯಕ್ಷರ ಗಾದಿ ಯಾವ ಪಕ್ಷದ ಕೈಯಲ್ಲಿದೆಯೋ ಆ ಪಕ್ಷ, ಅಂದರೆ ಈಗ ಆನೆ, ಮಧ್ಯಾವಧಿಯಲ್ಲಿ ಸಾಮಾನ್ಯವಾಗಿ ಸ್ಥಾನ ಕಳೆದುಕೊಳ್ಳುತ್ತದೆ, ಕೊಟ್ಟ ಅಧಿಕಾರದ ಮೇಲೆ ಜನರಿಗೆ ಎರಡೇ ವರ್ಷಕ್ಕೆ ಅನುಮಾನ ಬರುತ್ತದೆ ಎಂದೆ. ದಿನಸಿಯ ಬೆಲೆ ಇಳಿಯುತ್ತದೆ ಎಂಬ ಮಾತನ್ನು ನಂಬಿ ಓಟು ಹಾಕಿದವರು ಅಂಗಡಿಯಲ್ಲಿ ನಿಂತು ಮತ್ತೆ ಯೋಚಿಸುತ್ತಾರೆ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಸಾಕಾಗುವುದಿಲ್ಲ ಎಂದೆ. ಬಲಗಡೆಯ ಕುರ್ಚಿಗಳಿಂದ ಚಪ್ಪಾಳೆ. ಯಾರು ಯಾವುದಕ್ಕೆ ಚಪ್ಪಾಳೆ ತಟ್ಟುತ್ತಾರೆ ಎಂದು ನೋಡಿದರೆ ಸಾಕು, ಊರಿನ ವಾರ್ಡುವಾರು ಫಲಿತಾಂಶವೇ ಕಣ್ಣ ಮುಂದೆ ಬರುತ್ತಿತ್ತು. ಆನೆ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಆನೆಯಲ್ಲ, ಕತ್ತೆ ಎಂದಾಗ ಕತ್ತೆಯೂ ಅಲ್ಲ. ಅದು ಎಲ್ಲರಿಗೂ ಗೊತ್ತು, ಯಾರೂ ಹೇಳುವಂತಿಲ್ಲ.

ಸಫ್ವಾನ್ ಎದ್ದ. ಅದೇ ಹಳೆಯ ಧ್ವನಿ, ಮೊದಲ ವಾಕ್ಯ ನಿಧಾನ, ಎರಡನೆಯದು ಅವಸರ. ಇತಿಹಾಸ ಹೇಳಿ ಚುನಾವಣೆ ಗೆಲ್ಲುವುದಾದರೆ ಪ್ರಾಧ್ಯಾಪಕರೇ ದೇಶ ಆಳಬೇಕಿತ್ತು ಎಂದ. ಕತ್ತೆಯ ಮನೆಯೊಳಗೆ ಹಳಬರಿಗೂ ಹೊಸಬರಿಗೂ ಜಗಳ, ಎದುರಿಗೆ ನಿಲ್ಲಿಸಲು ಒಂದು ಮುಖವಿಲ್ಲ ಎಂದ. ಕ್ಷೇತ್ರಗಳ ಗಡಿಯನ್ನೇ ಹೊಸದಾಗಿ ಗೀಚುತ್ತಿರುವ ಕಡೆ ಹಳೆಯ ಲೆಕ್ಕ ನಡೆಯದು ಎಂದ. ಆನೆ ನಡೆದದ್ದೇ ದಾರಿ ಎಂದಾಗ ಎಡಗಡೆಯವರು ಕುರ್ಚಿಯ ಕೈ ಬಡಿದರು. ನನಗೆ ಖುಷಿಯಾಗುತ್ತಿತ್ತು. ಎರಡು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಚೆನ್ನಾಗಿ ವಿರೋಧಿಸಿರಲಿಲ್ಲ. ಆಮೇಲೆ ಅವನು ಹೇಳಿದ: “ಈ ಬಾರಿ ಸೆನೆಟಿನ ನೂರಕ್ಕೆ ನೂರು ಸ್ಥಾನಗಳಿಗೂ ಮತದಾನ ಉಂಟು. ಇಡೀ ಮೇಲ್ಮನೆಯೇ ಕಣಕ್ಕೆ ಇಳಿದಿರುವಾಗ ಹಣ, ಸಂಘಟನೆ ಇದ್ದವರಿಗೇ ಲಾಭ.”

ತಪ್ಪು. ಪ್ರತಿ ಬಾರಿ ಮೂರರಲ್ಲಿ ಒಂದು ಪಾಲಿನ ಸ್ಥಾನಗಳಿಗೆ ಮಾತ್ರ ಮತದಾನ. ಶಾಲೆಯ ಹುಡುಗರಿಗೂ ಗೊತ್ತಿರುವಂಥದ್ದು. ನನ್ನ ಪೆನ್ನು ತಾನಾಗಿಯೇ ಗೆರೆ ಹಾಕಿತು.

ಮರುಉತ್ತರಕ್ಕೆ ಎದ್ದಾಗ ಅದನ್ನೇ ಮೊದಲು ಹಿಡಿದೆ. ಮೂರರಲ್ಲಿ ಒಂದು ಪಾಲು ಎಂದು ಬಿಡಿಸಿ ಹೇಳಿ, ಪಾಯವೇ ಇಲ್ಲದ ಮೇಲೆ ಗೋಪುರ ಎಲ್ಲಿಯದು ಎಂದೆ. ಸಭೆ ನಕ್ಕಿತು. ಶೇಖರಣ್ಣ ಲೋಟಕ್ಕೆ ಚಮಚ ಬಡಿದು ಸಮಯವಾಯಿತೆಂದು ಎಚ್ಚರಿಸಿದರು. ಕೂರಬೇಕಿತ್ತು. ನಗು ಕೇಳಿದ ನಾಲಿಗೆ ಕೂರಲಿಲ್ಲ.

“ಬಿಡಿ, ಮತ ಹಾಕಿ ಅಭ್ಯಾಸವಿಲ್ಲದವರಿಗೆ ಎಷ್ಟು ಸ್ಥಾನಕ್ಕೆ ಮತದಾನ ಅನ್ನೋದಾದರೂ ಹೇಗೆ ಗೊತ್ತಿರಬೇಕು?”

ನಗು ಅರ್ಧಕ್ಕೆ ನಿಂತಿತು. ಇಡೀ ಸಭಾಂಗಣದಲ್ಲಿ ಮತ ಹಾಕಿ ಅಭ್ಯಾಸ ಇದ್ದವಳು ನಾನೊಬ್ಬಳೇ ಎಂಬುದು ಕುರ್ಚಿಯಲ್ಲಿ ಕೂತ ಮೇಲೆ ತಲೆಗೆ ಹೋಯಿತು. ಬಲಗಡೆಯವರೂ ಎಡಗಡೆಯವರೂ ಒಂದೇ ಥರ ನನ್ನನ್ನೇ ನೋಡುತ್ತಿದ್ದರು. ಸಫ್ವಾನ್ ತನ್ನ ಹಾಳೆಯನ್ನು ಎರಡಾಗಿ ಮಡಿಸಿ, ಮತ್ತೆ ಎರಡಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಎರಡನೇ ಸುತ್ತಿನಲ್ಲಿ ಮಾತಾಡಲಿಕ್ಕೇನೂ ಇಲ್ಲ ಎಂದ.

ಫಲಕ ನನಗೇ ಬಂತು. ಕಾರ್ಯದರ್ಶಿಯಾದ್ದರಿಂದ ಕೊಟ್ಟವನು ಅವನೇ. ಅಭಿನಂದನೆ ಮೇಡಂ ಎಂದ. ಫಲಕದ ಒಂದು ತುದಿ ಅವನ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ ಇದ್ದಷ್ಟು ಹೊತ್ತಿನಲ್ಲೇ ಫೋಟೋ ತೆಗೆದರು. ಆ ಫೋಟೋದಲ್ಲಿ ನಾವು ಹಳೆಯ ಜೋಡಿಯ ಹಾಗೆಯೇ ಕಾಣುತ್ತೇವೆ.

ಖಾಲಿದಿಯಾ, ಭಾನುವಾರ

ಬೆಳಿಗ್ಗೆ ಸುಜಾತಕ್ಕ ನೀರುದೋಸೆ ಹೊಯ್ಯುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಫ್ವಾನ್ ಮೊದಲಿನಷ್ಟು ತಯಾರಿ ಮಾಡುವುದಿಲ್ಲ ಅಂತ ಕಾಣುತ್ತೆ, ಸೆನೆಟಿನ ವಿಷಯದಲ್ಲಿ ಅಂಥ ತಪ್ಪು ಮಾಡಿದನಲ್ಲ ಎಂದೆ. ಆ ಮಾತಿನಲ್ಲಿ ಅನುಕಂಪ ಇತ್ತೆಂದೇ ನನ್ನ ಭಾವನೆ.

ಸುಜಾತಕ್ಕ ದೋಸೆ ಎಬ್ಬಿಸಿ ತಟ್ಟೆಗೆ ಹಾಕಿ ನನ್ನ ಮುಖ ನೋಡಿದರು.

“ಎಂತ ತಯಾರಿ ಇಲ್ಲ? ಒಂದು ವಾರ ನನ್ನ ಎದುರೇ ಓದಿದ್ದಾನೆ. ನಾನೇ ಕೇಳಿದೆ, ಇದು ತಪ್ಪಲ್ವಾ, ನೂರು ಅಲ್ಲವಲ್ಲ ಅಂತ. ಇರ್ಲಿ ಅಕ್ಕ, ಅದು ಅವಳಿಗೆ ಇಟ್ಟದ್ದು ಅಂದ. ಎಂತದೋ ಕಲ್ಲು ಅಂದ. ನಂಗೆ ಅರ್ಥ ಆಗ್ಲಿಲ್ಲ. ನಿಂಗೆ ಆಗ್ತದೆ ಅಂದುಕೊಂಡಿದ್ದೆ.”

ಕಲ್ಲು. ನೂರಕ್ಕೆ ನೂರು ಎಂಬಂಥ ಕೊಬ್ಬಿದ ತಪ್ಪು, ಅವನು ಯಾವಾಗಲೂ ಇಡುತ್ತಿದ್ದ ಥರದ್ದೇ, ಕುರುಡರಿಗೂ ಕಾಣುವಂತೆ. ಎರಡು ವರ್ಷದ ನಂತರ ಅವನು ನನಗೆ ಹೇಳಿದ ಮೊದಲ ಸ್ನೇಹದ ಮಾತು ಅದು. ಅದನ್ನು ನಾನು ನಿಜವಾದ ತಪ್ಪು ಎಂದು ತಿಳಿದು ಹೊಡೆದೆ. ಹೊಡೆದದ್ದರಲ್ಲಿ ತಪ್ಪಿಲ್ಲ, ಹೊಡೆಯಲೆಂದೇ ಇಟ್ಟದ್ದು. ಚೆಂಡು ಕಲ್ಲಿಗೆ ಬಿದ್ದ ಮೇಲೂ ಕೈ ನಿಲ್ಲದೆ ಕಲ್ಲಿಟ್ಟವನ ಹಣೆಗೆ ಇನ್ನೊಂದು ಎಸೆದೆ. ಅದೂ ಅದೇ ಹಳೆಯ ಗಾಯಕ್ಕೆ.

ಅಂದು ಅಬುಧಾಬಿಯ ಖಾಲಿದಿಯಾದಲ್ಲಿ ಅಲ್ಲಿನ ಕನ್ನಡಿಗರಿಗಾಗಿ ಇದೇ ಚರ್ಚೆಯ ಎರಡನೇ ಪ್ರಯೋಗ. ಕಾರು ಸಫ್ವಾನನದ್ದು. ಮುಂದೆ ಅವನೂ ಶೇಖರಣ್ಣನೂ, ಹಿಂದೆ ನಾನೂ ಆದ್ಯಾಳೂ. ಹೊರಗೆ ಅಂಥ ಮಂಜು. ಮರುಭೂಮಿಯಲ್ಲಿ ಮಂಜು ಬೀಳುತ್ತದೆ ಎಂದು ಯಾರಾದರೂ ಹೇಳಿದ್ದರೆ ಸಾಕ್ಷಿ ಕೇಳುತ್ತಿದ್ದೆ. ವೇಗ ತಗ್ಗಿಸಿ ಎಂಬ ದೀಪದ ಅಕ್ಷರಗಳು ಗಾಳಿಯಲ್ಲಿ ತೇಲಿ ಬಂದು ಹೋಗುತ್ತಿದ್ದವು, ಅವನ್ನು ಹೊತ್ತ ಕಂಬ ಕಾಣಿಸುತ್ತಿರಲಿಲ್ಲ. ಸಫ್ವಾನ್ ಒಂದೂವರೆ ಗಂಟೆಯಲ್ಲಿ ನನ್ನೊಡನೆ ಒಂದೇ ಮಾತಾಡಿದ, ಏಸಿ ಜಾಸ್ತಿಯಾಯ್ತಾ ನಿಮಗೆ ಎಂದು. ಇಲ್ಲ ಎಂದೆ. ಜಾಸ್ತಿಯಾಗಿತ್ತು.

ಆದ್ಯಾ ಮೆಲ್ಲಗೆ ನನ್ನ ಕಡೆ ವಾಲಿ, “ಆರ್ ಯು ಟೂ ಫೈಟಿಂಗ್?” ಎಂದಳು. ಅಮೆರಿಕದ ವಿಷಯಕ್ಕೆ ಎಂದೆ. ಅವಳು ನಂಬಲಿಲ್ಲ. ಮುಂದೆ ಒಳ್ಳೆಯ ವಕೀಲೆಯಾಗುತ್ತಾಳೆ.

ಆ ಹೊತ್ತಿಗೆ ನಾನು ತೀರ್ಮಾನ ಮಾಡಿದ್ದೆ. ನನ್ನ ಟಿಪ್ಪಣಿಯಲ್ಲಿ ಒಂದು ಸಾಲು ತಿದ್ದಿದೆ. ಅಮೆರಿಕದ ಕೆಳಮನೆಯ ಸದಸ್ಯರ ಅವಧಿ ಎರಡು ವರ್ಷ. ಅದನ್ನು ನಾಲ್ಕು ಮಾಡಿದೆ.

ಖಾಲಿದಿಯಾದಲ್ಲಿ ಸೇರಿದ್ದು ಒಂದು ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ. ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ವಾಸನೆ, ಮೇಲೆ ನಲವತ್ತು ಕುರ್ಚಿ. ನಾನು ಎದ್ದು ಅದೇ ಭಾಷಣ ಮಾಡಿದೆ, ನಡುವೆ ನಿಧಾನಿಸಿ, ಅವನ ಕಡೆ ತಿರುಗಿ, ಒಂದೊಂದೇ ಪದ ಜೋಡಿಸಿ ಹೇಳಿದೆ: “ಕೆಳಮನೆಯ ಸದಸ್ಯರನ್ನು ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ. ನಾಲ್ಕು ವರ್ಷದ ಸಿಟ್ಟು ಒಂದೇ ದಿನ ಪೆಟ್ಟಿಗೆಗೆ ಬೀಳುತ್ತದೆ.”

ಅವನು ತಲೆಯೆತ್ತಿದ. ನಮ್ಮ ಕಣ್ಣುಗಳು ಸೇರಿದವು. ಅವನಿಗೆ ಗೊತ್ತಾಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಅವನು ಹಾಳೆಯ ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡತೊಡಗಿದ.

ಮರುಉತ್ತರಕ್ಕೆ ಎದ್ದವನು ಬೆಲೆಯ ವಿಷಯ ಮಾತಾಡಿದ, ಗಡಿಗಳ ವಿಷಯ ಮಾತಾಡಿದ. ಎದುರಿನವರ ಮಿಕ್ಕ ಮಾತುಗಳಿಗೆ ನಾನು ಹೋಗುವುದಿಲ್ಲ ಎಂದು ಕೂತುಬಿಟ್ಟ. ನನ್ನ ಕಲ್ಲು ಕೋಣೆಯ ನಡುವೆ ಹಾಗೇ ನಿಂತಿತ್ತು.

ಅದನ್ನು ಹೊಡೆದವರು ಗಣಪತಿಯಣ್ಣ. ಕುಂದಾಪುರದವರು, ಮೂವತ್ತು ವರ್ಷದಿಂದ ಇಲ್ಲಿ ವಿದ್ಯುತ್ ಕೆಲಸದ ಮೇಲ್ವಿಚಾರಕರು, ಹಗಲು ಊಟದ ಬಿಡುವಿನಲ್ಲಿ ಅಮೆರಿಕದ ಸುದ್ದಿಯನ್ನೇ ನೋಡುವವರು ಎಂದು ಆಮೇಲೆ ಪರಿಚಯಿಸಿದರು. ಕೈ ಎತ್ತಿ ನಿಂತು, “ಮೇಡಂ, ಕೆಳಮನೆಗೆ ಎರಡು ವರ್ಷ. ನಾಲ್ಕು ಅಲ್ಲ” ಎಂದರು. ಹಿಂದಿನ ಸಾಲಿನಿಂದ ಯಾರೋ, ನಿನ್ನೆ ದುಬೈಯಲ್ಲಿ ಲೆಕ್ಕ ಹೇಳಿ ಫಲಕ ತಗೊಂಡವರು ಇವರೇ ಅಲ್ವಾ ಎಂದರು. ಕೋಣೆಯೆಲ್ಲ ನಕ್ಕಿತು. ಓಟು ಹಾಕುವವರಿಗೇ ಗೊತ್ತಿಲ್ಲ ನೋಡಿ ಎಂದು ಇನ್ನೊಬ್ಬರು. ಆ ಮಾತು ದುಬೈಯಿಂದ ಅಬುಧಾಬಿಗೆ ನಮಗಿಂತ ಮೊದಲೇ ಬಂದು ತಲುಪಿತ್ತು.

ಹೌದು, ಎರಡು, ನನ್ನ ತಪ್ಪು ಎಂದೆ. ವೇದಿಕೆಯ ಮೇಲೆ ಆ ಎರಡು ಪದ ನಾನು ಹೇಳಿದ್ದು ಅದೇ ಮೊದಲು. ನಗುವವರಲ್ಲಿ ಸಫ್ವಾನ್ ಇರಲಿಲ್ಲ. ಅವನು ಕಿಟಕಿಯಾಚೆ ನೋಡುತ್ತಿದ್ದ. ಮಂಜು ಕರಗಿ ಬಿಸಿಲು ಬಂದಿತ್ತು, ಎದುರಿನ ಕಟ್ಟಡದ ಗಾಜಿನ ಗೋಡೆಯಲ್ಲಿ ನಮ್ಮದೇ ಕಟ್ಟಡ ಕಾಣುತ್ತಿತ್ತು.

ಆ ದಿನ ಫಲಕ ಅವನಿಗೆ. ಮರಳುವ ದಾರಿಯಲ್ಲಿ ಅದು ಡಿಕ್ಕಿಯಲ್ಲಿತ್ತು, ಯಾರ ತೊಡೆಯ ಮೇಲೂ ಇರಲಿಲ್ಲ. ತಿರುವು ಬಂದಾಗೆಲ್ಲ ಹಿಂದಿನಿಂದ ಅದು ಜಾರಿ ಬಡಿಯುವ ಸದ್ದು ಕೇಳುತ್ತಿತ್ತು.

ವಿಮಾನ ನಿಲ್ದಾಣ, ಸೋಮವಾರ

ಮಧ್ಯಾಹ್ನದ ವಿಮಾನ. ಶೇಖರಣ್ಣನಿಗೆ ಕಚೇರಿ, ಆದ್ಯಾಳಿಗೆ ಶಾಲೆ. ಸುಜಾತಕ್ಕ ಒಂದು ಡಬ್ಬಿ ಖರ್ಜೂರ, ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟರು. ಉಪ್ಪಿನಕಾಯಿ ದುಬೈಯಿಂದ ದಾವಣಗೆರೆಗೆ ಹೋಗುವುದು ಉಲ್ಟಾ ಅಲ್ಲವೇ ಎಂದೆ. ಬಾಯಿ ಮುಚ್ಚಿ ತಗೊ ಎಂದರು. ಲಿಫ್ಟಿನ ಬಾಗಿಲು ಮುಚ್ಚುವಾಗ, “ಅವನಿಗೆ ಫೋನ್ ಮಾಡಿದ್ದೇನೆ, ಬಿಡ್ಲಿಕ್ಕೆ ಬರ್ತಾನೆ. ನೀನು ಸ್ವಲ್ಪ ಕಡಿಮೆ ಮಾತಾಡು ಆಯ್ತಾ” ಎಂದರು.

ಆ ಸಲಹೆಯನ್ನು ಅರ್ಧ ದಾರಿಯವರೆಗೆ ಪಾಲಿಸಿದೆ. ಅವನು ಎಡಗೈ ಸ್ಟೀರಿಂಗಿನ ಮೇಲಿಟ್ಟು ಓಡಿಸುತ್ತಿದ್ದ. ಇಲ್ಲಿ ವಾಹನಗಳು ಬಲಗಡೆ, ಸ್ಟೀರಿಂಗು ಎಡಗಡೆ. ಚಾಲಕನ ಸೀಟಿನ ಬಾಗಿಲು ತೆಗೆಯಹೋಗಿ ನಾನು ಆಗಲೇ ಒಮ್ಮೆ ನಾಚಿಕೆಪಟ್ಟಿದ್ದೆ.

ದೀಪದ ಮುಂದೆ ಕಾರು ನಿಂತಾಗ, ಆ ಮಾತು ಆಡಬಾರದಿತ್ತು ಎಂದೆ.

“ಯಾವ ಮಾತು? ಎರಡು ವರ್ಷ ಹಿಂದಿನದ್ದಾ, ಶನಿವಾರದ್ದಾ?”

“ಎರಡೂ.”

ಹಸಿರು ಬಂತು. ಅವನು ಕಾರು ಮುಂದಕ್ಕೆ ಬಿಟ್ಟ. ಸ್ವಲ್ಪ ದೂರ ಹೋದ ಮೇಲೆ, ನನಗೆ ಹೇಳಿದಂತೆಯೂ ಅಲ್ಲ, ರಸ್ತೆಗೆ ಹೇಳಿದಂತೆ, ಆ ಸಲ ರಜೆಗಾಗಿ ಮೂರು ಸಾರಿ ಬಾಸ್ ಹತ್ತಿರ ಹೋದದ್ದು, ಮೂರನೇ ಸಲ ಖಲಾಸ್ ಎಂದು ಅವರು ಫೈಲು ಮುಚ್ಚಿದ್ದು, ಅದೇ ಸಂಜೆ ನನ್ನ ಸಾಲು ಓದಿದ್ದು, ಎಲ್ಲ ಹೇಳಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿಗೆ ಉತ್ತರ ಕೊಟ್ಟು ಗೊತ್ತು. ಇದಕ್ಕೆ ಮರುಉತ್ತರದ ಸುತ್ತು ಇರಲಿಲ್ಲ.

ನಿಲ್ದಾಣದ ಮುಂದೆ ಹೆಚ್ಚು ಹೊತ್ತು ಕಾರು ನಿಲ್ಲಿಸುವಂತಿಲ್ಲ. ಅವನೇ ಇಳಿದು ನನ್ನ ಪೆಟ್ಟಿಗೆ ತೆಗೆದ. ಹಿಡಿಕೆಯನ್ನು ನನ್ನ ಕಡೆ ತಿರುಗಿಸಿ ಇಟ್ಟು, ಅದರ ಮೇಲಿನ ಕೈ ತೆಗೆಯದೆ ಹೇಳಿದ:

“ನಿನ್ನೆ ನಿನ್ನ ಕಲ್ಲು ನೋಡಿದೆ ಮಾರಾಯ್ತಿ.”

ಮಾರಾಯ್ತಿ. “ಮತ್ಯಾಕೆ ಹೊಡೀಲಿಲ್ಲ?”

“ಲಗೋರಿಯಲ್ಲಿ ಕಲ್ಲಿಗೆ ಹೊಡೆದ್ರೆ ಆಟ ಮುಗೀತದಲ್ಲ.”

“ಹೌದು” ಎಂದೆ.

ಅವನು ಒಂದು ಕ್ಷಣ ಹಾಗೇ ನಿಂತ, ಇನ್ನೇನೋ ಬರುತ್ತದೆ ಎಂಬಂತೆ. ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಯಲ್ಲಾ, ಹೋಗು ಎಂದು ಕೈಯೆತ್ತಿ ಕಾರು ಹತ್ತಿದ.

ಪಾಸ್‌ಪೋರ್ಟಿನ ಸಾಲಿನಲ್ಲಿ ನನ್ನ ಮುಂದೆ ಆರು ಜನ. ಎಲ್ಲರೂ ಅಚ್ಚುಕಟ್ಟಾಗಿ ಒಬ್ಬರ ಹಿಂದೊಬ್ಬರು, ಒಬ್ಬರೂ ಮಾತಾಡುವುದಿಲ್ಲ. ಐದು ಜನ ಆದರು, ನಾಲ್ಕಾದರು. ಮೂರನೆಯವರು ಮುಂದೆ ಹೋದಾಗ ಅವನ ಮಾತು ನನಗೆ ಕೇಳಿಸಿತು, ಅಂದರೆ ಆಗ ನಿಜವಾಗಿ ಕೇಳಿಸಿತು. ಲಗೋರಿಯಲ್ಲಿ ಕಲ್ಲಿಗೆ ಹೊಡೆದರೆ ಆಟ ಮುಗಿಯುತ್ತದೆ ಎಂದು ಉಪ್ಪಿನಂಗಡಿಯ ಯಾವ ಹುಡುಗ ಹೇಳುತ್ತಾನೆ? ಓಣಿಯಲ್ಲಿ ಚೆಂಡು ಹಿಡಿದು ಬೆಳೆದ ಯಾರು ಹೇಳುತ್ತಾರೆ?

ಅದೂ ಕಲ್ಲೇ. ಕುರುಡರಿಗೂ ಕಾಣುವಂಥದ್ದು. ಮರದ ವಿಷಯಕ್ಕೆ, ಪೈಪಿನ ವಿಷಯಕ್ಕೆ, ಉಪ್ಪಿನಕಾಯಿಯ ವಿಷಯಕ್ಕೆ ಎಲ್ಲರೊಡನೆ ಅಲ್ಲ ಅಲ್ಲ ಎಂದುಕೊಂಡು ನಾಲ್ಕು ದಿನ ತಿರುಗಿದವಳು, ಅಲ್ಲ ಎನ್ನಬೇಕಾದ ಒಂದೇ ಒಂದು ಕಡೆ ಶೇಖರಣ್ಣನ ಹಾಗೆ ಹೌದು ಎಂದು ಬಂದಿದ್ದೆ. ತಿರುಗಿ ನೋಡಿದೆ. ಹಿಂದೆ ಉದ್ದ ಸಾಲು, ಅದರಾಚೆ ಗಾಜು, ಗಾಜಿನಾಚೆ ಯಾರೆಂದು ತಿಳಿಯದ ಜನ. ಕೌಂಟರಿನ ಅಧಿಕಾರಿ ನನ್ನನ್ನು ಕರೆದರು.

ಈಗ ಬಾರ್ ರೂಮಿನಲ್ಲಿ ಕೇಳುತ್ತಾರೆ, ನವೆಂಬರಿನಲ್ಲಿ ಆನೆಯೋ ಕತ್ತೆಯೋ ಎಂದು. ಎರಡೂ ಕಡೆಯ ವಾದ ನನಗೆ ಬಾಯಿಪಾಠ, ಯಾವುದನ್ನು ಕೇಳಿದರೂ ಹೇಳುತ್ತೇನೆ. ಅವನಿಗೆ ಫೋನಿನಲ್ಲಿ ನಾಲ್ಕು ಸಾಲು ಕಳಿಸಬಹುದು. ಕೆಡಿಸಿದ್ದೇ ಫೋನಿನಲ್ಲಿ ಬರೆದು, ಹಾಗಾಗಿ ಧೈರ್ಯ ಬರುತ್ತಿಲ್ಲ. ಆದರೆ ಈ ಬರಹ ಅಚ್ಚಾಗುವ ಊರಿನ ಪುರವಣಿಯ ಒಂದಕ್ಷರವನ್ನೂ ಅವನು ಬಿಡುವುದಿಲ್ಲವಂತೆ. ಅಲ್ ಕುಸೈಸ್‌ನ ಆ ಸೋಫಾದಲ್ಲಿ ಕೂತು ಇಲ್ಲಿಯವರೆಗೆ ಓದಿದ್ದರೆ, ನನ್ನ ಮರುಉತ್ತರ ಇದು.

ತಪ್ಪು, ಸಫ್ವಾನ್. ಲಗೋರಿಯಲ್ಲಿ ಹೊಡೆದ ಮೇಲೇ ಆಟ ಶುರುವಾಗುವುದು. ಬೀಳಿಸಿದವರೇ ಮತ್ತೆ ಕಟ್ಟಬೇಕು.